ಆಟ ಆಡೋಕೆ ಬಂದವ್ರನ್ನೇ ಬಾಟ್ ಅಂದ್ಕೊಂಡಿದ್ದ ಸಂಜೆ

ಮೊನ್ನೆ ಹಳೇ ಕಲೀಗ್ ಒಬ್ಬ ಫೋನ್ ಮಾಡಿ "ಗುರೂ, ಫಿನ್‌ಟೆಕ್ ಕಡೆ ಹೊರಟೆ, ಗೇಮಿಂಗ್ ಕಥೆ ಮುಗೀತು" ಅಂದ. ಮುಂಚೆ ಆಗಿದ್ರೆ ನಾನೂ ಹೂಂಗುಟ್ಟಿ ಬಿಡ್ತಿದ್ದೆ. ಈಗ ಆಗಲ್ಲ, ಯಾಕಂದ್ರೆ ಅದೇ ಮಾತು ನಂಬ್ಕೊಂಡು 2025ರ ದೀಪಾವಳೀಲಿ ನಾನು ಪ್ರೊಡಕ್ಷನ್ನೇ, ಅಂದ್ರೆ ಜನ ಆಡ್ತಿದ್ದ ಸರ್ವರ್‌ಗಳನ್ನೇ, ಮಲಗಿಸಿದೀನಿ.

ನಮ್ದು ಬೆಂಗಳೂರಿನ ಒಂದು ಮೊಬೈಲ್ ಗೇಮ್ ಸ್ಟುಡಿಯೊ. ದುಡ್ಡು ಕಟ್ಟಿ ಆಡೋ ರಮ್ಮಿ ಒಂದು, ಪುಕ್ಕಟೆ ಕೇರಂ ಇನ್ನೊಂದು. ಸಂಬಳ ಬರ್ತಿದ್ದಿದ್ದು ರಮ್ಮಿಯಿಂದ, ಕೇರಂ ಅಂದ್ರೆ ಮಲಮಗು ಥರ, ಕಂಪನಿಯವ್ರೆಲ್ಲ ಸೇರೋ ಮೀಟಿಂಗಲ್ಲಿ ಕೊನೇ ಸ್ಲೈಡು. ಆಗಸ್ಟ್‌ನಲ್ಲಿ ದುಡ್ಡು ಕಟ್ಟಿ ಆಡೋ ಆಟಗಳನ್ನೇ ಬ್ಯಾನ್ ಮಾಡೋ ಆನ್‌ಲೈನ್ ಗೇಮಿಂಗ್ ಬಿಲ್ ಬಂತು ನೋಡಿ, 20ನೇ ತಾರೀಕು ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿ ಅಂಕಿತ. ನಮ್ಮಲ್ಲಿ ಒಂದು ಬಟನ್ ಬಣ್ಣ ಬದಲಾಯಿಸೋ ಅಪ್ರೂವಲ್‌ಗೆ ಮೂರು ವಾರ ಬೇಕು, ಅಲ್ಲಿ ಮೂರೇ ದಿನಕ್ಕೆ ರಮ್ಮಿ ಫಿನಿಶ್. ಸೆಪ್ಟೆಂಬರ್ ಮುಗಿಯೋಷ್ಟ್ರಲ್ಲಿ ನಮ್ಮ ಫ್ಲೋರ್ ಅರ್ಧ ಖಾಲಿ. ನನ್ನ ಪಕ್ಕದ ಸೀಟಿನ ಹುಡುಗಿ ಬಿಟ್ಟು ಹೋಗಿದ್ದ ಮನಿ ಪ್ಲಾಂಟ್‌ಗೆ ನಾನೇ ನೀರು ಹಾಕ್ತಿದ್ದೆ.

ಆ ಟೈಮಲ್ಲಿ ದಿನಾ ರಾತ್ರಿ ಲೇಆಫ್ ಸುದ್ದಿ ಓದೋದೇ ಕೆಲಸ ಆಗಿತ್ತು. ಅಮೆರಿಕದಲ್ಲಿ ಇಷ್ಟು ಜನ, ಯೂರೋಪಲ್ಲಿ ಆ ಸ್ಟುಡಿಯೊ ಬಂದ್, ಎಐ ಬಂದು ಉಳಿದವ್ರನ್ನೂ ನುಂಗತ್ತೆ. ಓದೀ ಓದೀ ತಲೇಲಿ ಒಂದು ಕೂತ್‌ಬಿಡ್ತು: ಜನಕ್ಕೆ ಆಟ ಸಾಕಾಗಿದೆ.

ಅಕ್ಟೋಬರ್‌ನಲ್ಲಿ ಮ್ಯಾನೇಜರ್ ಬಂದು ಕ್ಲೌಡ್ ಬಿಲ್ ಇಳಿಸ್ಬೇಕು ಅಂದ್ರು. ದಿನಕ್ಕೆ ಎಷ್ಟು ಜನ ಆಡ್ತಾರೆ ಅಂತ ತೋರ್ಸೋ ಡಿಎಯು ಗ್ರಾಫ್ ಆರು ವಾರದಿಂದ ಇಳೀತಾನೇ ಇತ್ತು, ನಾನು ಅದೇ ಗೆರೆಗೆ ಸ್ಕೇಲ್ ಇಟ್ಟು ಮುಂದಕ್ಕೆ ಎಳೆದೆ. ಜನ ಜಾಸ್ತಿ ಆದ್ರೆ ತಾನಾಗೇ ಸರ್ವರ್ ಏರಿಸೋ ಆಟೋಸ್ಕೇಲಿಂಗ್‌ನ ಮ್ಯಾಕ್ಸ್ 30 ನೋಡ್ (ಸರ್ವರ್) ಇದ್ದಿದ್ದನ್ನ 10ಕ್ಕೆ ಇಳಿಸಿದೆ, ಡೇಟಾನ ಮೆಮೊರೀಲಿ ಇಟ್ಕೊಳ್ಳೋ ರೆಡಿಸ್‌ನ ಎರಡು ಸೈಜ್ ಚಿಕ್ಕದು ಮಾಡಿದೆ. ಹಬ್ಬ ಬರ್ತಿದೆ ಅಂತ ಗೊತ್ತಿರ್ಲಿಲ್ವಾ ಅಂದ್ರೆ, ಗೊತ್ತಿತ್ತು. ಹಬ್ಬಕ್ಕೆ ಯಾರು ಕೇರಂ ಆಡ್ತಾರೆ, ಪಟಾಕಿ ಹೊಡೀತಾರೆ ಅಂದ್ಕೊಂಡೆ. ನನ್ನ ಬದಲಾವಣೆ ಚೆಕ್ ಮಾಡಿದವ್ರೂ ಒಂದು ಥಂಬ್ಸ್ ಅಪ್ ಹಾಕಿ ಹೋದ್ರು.

ಬಲಿಪಾಡ್ಯಮಿ ದಿನ ತಿಪಟೂರಲ್ಲಿ ಅಕ್ಕನ ಮನೇಲಿದ್ದೆ, ಆನ್‌ಕಾಲೂ (ಸರ್ವರ್ ಕೆಟ್ರೆ ನೋಡೋ ಪಾಳಿ) ನಂದೇ, ಯಾಕಂದ್ರೆ ಲಿಸ್ಟಲ್ಲಿ ಉಳಿದಿದ್ದೇ ಇಬ್ರು. ಸಂಜೆ ಏಳೂವರೆಗೆ ಕೈಯಲ್ಲಿ ಕಜ್ಜಾಯ, ಫೋನ್ ಕೂಗ್ತು. ಲ್ಯಾಪ್‌ಟಾಪ್ ತೆಗೆದ್ರೆ ಲಾಗಿನ್ ರಿಕ್ವೆಸ್ಟ್ ಗೋಡೆ ಥರ ನೆಟ್ಟಗೆ ಮೇಲೆ ಹೋಗಿದೆ. ಹತ್ತಕ್ಕೆ ಹತ್ತೂ ನೋಡ್ ಸಿಪಿಯು ಕೆಂಪು.

ಆಗ ನನ್ನ ತಲೇಗೆ ಬಂದ ಮೊದಲನೇ ಯೋಚನೆ ಏನು ಗೊತ್ತಾ? ಅಟ್ಯಾಕ್. ಆಟಗಾರರು ಬಂದಿರಬಹುದು ಅಂತ ಒಂದು ಸಲಾನೂ ಹೊಳೀಲಿಲ್ಲ. ಲಾಗ್ ನೋಡಿದ್ರೆ ಒಂದೊಂದು ಡಿವೈಸಿಂದ ಕರೆಕ್ಟಾಗಿ ಮೂರು ಮೂರು ಸೆಕೆಂಡಿಗೆ ಒಂದು ರಿಕ್ವೆಸ್ಟ್, ಗಡಿಯಾರ ಇಟ್ಟಂಗೆ. ಮನುಷ್ಯರು ಹಿಂಗೆ ಒತ್ತಲ್ಲ, ಇದು ಬಾಟೇ, ಅಂದ್ರೆ ತಾನಾಗೇ ಒತ್ತೋ ಪ್ರೋಗ್ರಾಮೇ ಅಂತ ಖುಷಿಯಾಗ್ಬಿಟ್ಟೆ. ತುರ್ತು ಫೋನ್ ಮೀಟಿಂಗಲ್ಲಿ ದೊಡ್ಡದಾಗಿ ಹೇಳ್ಬಿಟ್ಟೆ ಕೂಡ, ಮ್ಯಾನೇಜರ್ "ವೆರಿ ಗುಡ್, ಬ್ಲಾಕ್ ಮಾಡಿ" ಅಂದ್ರು. ಐಪಿ ಮೇಲೆ ರೇಟ್ ಲಿಮಿಟ್ ಹಾಕಿದೆ, ಅಂದ್ರೆ ಒಂದು ಇಂಟರ್ನೆಟ್ ವಿಳಾಸದಿಂದ ಇಷ್ಟೇ ರಿಕ್ವೆಸ್ಟ್ ಅಂತ. ಗ್ರಾಫ್ ದಬಕ್ಕಂತ ಬಿತ್ತು, ನೋಡ್‌ಗಳು ಹಸಿರಾದ್ವು. ಉಳಿದ ಕಜ್ಜಾಯ ತಿಂದೆ.

ಇಪ್ಪತ್ತು ನಿಮಿಷ ಆಗಿರಬೇಕು, ಹಜಾರದಿಂದ ಭಾವ ಬಂದ್ರು. ಕೊಬ್ಬರಿ ಮಂಡೀಲಿ ವ್ಯಾಪಾರ ಅವ್ರದ್ದು, ಐವತ್ತೆರಡು ವಯಸ್ಸು. "ಏನಪ್ಪಾ, ನಿನ್ನ ಕೇರಂ ಸುತ್ತುತ್ತಾನೇ ಐತೆ, ಓಪನ್ನೇ ಆಗ್ತಿಲ್ವಲ್ಲ" ಅಂತ ಫೋನ್ ನನ್ನ ಮುಖಕ್ಕೆ ಹಿಡಿದ್ರು. "ನೀವು ಇದನ್ನ ಆಡ್ತೀರಾ ಭಾವ?" "ಮಂಡಿಯವ್ರೆಲ್ಲ ದಿನಾ ಆಡ್ತೀವಿ, ಇವತ್ತು ಹುಬ್ಳಿ ತಮ್ಮ, ದುಬೈಲಿರೋ ಅವನ ಮಗ, ನಾನು, ನಿಮ್ಮಕ್ಕ, ನಾಲ್ಕು ಜನ ರೂಮ್ ಮಾಡ್ಕೊಂಡಿದ್ವಿ, ಒಳಕ್ಕೇ ಬಿಡ್ತಿಲ್ಲ."

ಅವರ ಸ್ಕ್ರೀನ್ ಮೇಲೆ ಲೋಡಿಂಗ್ ಚಕ್ರ ತಿರುಗಿ ನಿಲ್ತಿತ್ತು, ಮತ್ತೆ ತಿರುಗ್ತಿತ್ತು. ಎಣಿಸಿದೆ. ಮೂರು ಸೆಕೆಂಡ್.

ಹೊಟ್ಟೆಯೊಳಗೆ ಏನೋ ಜಾರಿದಂಗಾಯ್ತು. ಬಾಟ್ ಅಂದ್ಕೊಂಡಿದ್ದು ನಮ್ಮದೇ ಆ್ಯಪ್‌ನ ರಿಟ್ರೈ ಕೋಡು, ಕನೆಕ್ಟ್ ಆಗದಿದ್ರೆ ಮತ್ತೆ ಮತ್ತೆ ಕೇಳೋದು. ಅದಕ್ಕೆ ಬ್ಯಾಕಾಫ್ (ಪ್ರತಿ ಸಲ ಇನ್ನಷ್ಟು ಕಾಯೋದು) ಹಾಕೋ ಟಿಕೆಟ್ ಎರಡು ವರ್ಷದಿಂದ ಬಾಕಿ ಕೆಲಸದ ಪಟ್ಟೀಲಿ ಕೊಳೀತಿದೆ. ಮೊಬೈಲ್ ಡೇಟಾದಲ್ಲಿ ಸಿಜಿನ್ಯಾಟ್ ಅನ್ನೋ ವ್ಯವಸ್ಥೆ ಬೇರೆ, ಅದರಲ್ಲಿ ಸಾವಿರಾರು ಜನ ಒಂದೇ ಐಪಿ ಹಿಂದೆ ಇರ್ತಾರೆ, ನಾನು ಹಾಕಿದ ಲಿಮಿಟ್‌ಗೆ ಊರಿಗೆ ಊರೇ ಆಚೆ ನಿಂತಿದೆ. ಡ್ಯಾಶ್‌ಬೋರ್ಡ್ ಕೆಳಗೆ ಸ್ಕ್ರಾಲ್ ಮಾಡಿದ್ರೆ ಪ್ರೈವೇಟ್ ರೂಮ್ ಅಂತ ಒಂದು ಪುಟ್ಟ ಪ್ಯಾನಲ್ಲು, ಏಳು ಗಂಟೆಯಿಂದಾನೇ ಆಕಾಶಕ್ಕೆ ಏರಿತ್ತು. ಯಾವ ಬಾಟ್ ಹಬ್ಬದ ದಿನ ನಾಲ್ಕು ಜನರ ರೂಮ್ ಮಾಡಿ ದುಬೈಗೆ ಕೋಡ್ ಕಳಿಸತ್ತೆ ಸ್ವಾಮಿ? ಕಣ್ಣಮುಂದೇ ಇತ್ತು, ನೋಡಿರ್ಲಿಲ್ಲ.

ಲಿಮಿಟ್ ತೆಗೆದೆ, ಮ್ಯಾಕ್ಸ್ 30 ಮಾಡಿದೆ, ಆಮೇಲೆ 40. ನೋಡ್ ಮೇಲೇಳೋಕೆ ಆರು ನಿಮಿಷ, ಅಷ್ಟ್ರಲ್ಲಿ ಚಿಕ್ಕದು ಮಾಡಿದ್ದ ರೆಡಿಸ್ ಉಸಿರು ಕಟ್ಟಿ ಬಿತ್ತು, ಅದನ್ನ ದೊಡ್ಡದು ಮಾಡೋಕೆ ಇನ್ನೂ ಹದಿನೆಂಟು ನಿಮಿಷ. ಭಾವ ಹಿಂದೆ ನಿಂತು "ಆಯ್ತಾ? ಆಯ್ತಾ?" ಅಂತಿದ್ರು. ನನ್ನ ಕೆರಿಯರ್‌ನಲ್ಲೇ ಯೂಸರ್‌ನ ಇಷ್ಟು ಹತ್ರದಿಂದ ನೋಡಿದ್ದು ಅದೇ ಮೊದಲು.

ಆಮೇಲೆ ಗೊತ್ತಾಯ್ತು, ಮಾರ್ಕೆಟಿಂಗ್ ಟೀಮ್ ಏಳು ಗಂಟೆಗೆ ಆಟಗಾರರ ಫೋನಿಗೆ ಹಬ್ಬದ ಪುಶ್ ನೋಟಿಫಿಕೇಶನ್ ಬಿಟ್ಟಿತ್ತು. ಕ್ಯಾಲೆಂಡರ್ ಶೀಟಲ್ಲಿ ಹಾಕಿದ್ವಿ ಅಂದ್ರು. ಆ ಶೀಟ್‌ಗೆ ನಂಗೆ ಆಕ್ಸೆಸ್ಸೇ ಇರ್ಲಿಲ್ಲ, ಓನರ್ ಸೆಪ್ಟೆಂಬರ್ ಲೇಆಫಲ್ಲಿ ಹೋಗಿದ್ದ. ಇರ್ಲಿ ಬಿಡಿ, ಅದು ಬೇರೆ ರಾಮಾಯಣ.

ಆರ್‌ಸಿಎ, ಅಂದ್ರೆ ಎಡವಟ್ಟು ಯಾಕಾಯ್ತು ಅನ್ನೋ ವರದಿ, ಬರೀತಾ ಕೂತಾಗ ನನ್ನನ್ನ ಕೊರೆದಿದ್ದು ರೆಡಿಸ್ ಅಲ್ಲ. ಕಂಪನಿಗಳ ಹಣೆಬರಹವನ್ನ ಆಡೋರ ಹಣೆಬರಹ ಅಂತ ಓದ್ಕೊಂಡಿದ್ನಲ್ಲ, ಅದು. ಆ ಆರು ವಾರದ ಇಳಿಕೆಯಾದ್ರೂ ಏನು? ರಮ್ಮಿ ದುಡ್ಡಲ್ಲಿ ಕೇರಂಗೆ ಜಾಹೀರಾತು ಹಾಕ್ತಿದ್ವಿ, ಅದು ನಿಂತಿದ್ದಕ್ಕೆ ಹೊಸ ಇನ್‌ಸ್ಟಾಲ್ ನಿಂತಿತ್ತು. ಹಳಬರು ಎಲ್ಲೂ ಹೋಗಿರ್ಲಿಲ್ಲ, ಮಂಡೀಲಿ ಕೂತು ಆಡ್ತಾನೇ ಇದ್ರು.

1983ರಲ್ಲಿ ಅಮೆರಿಕದಲ್ಲಿ ವಿಡಿಯೊ ಗೇಮ್ ವ್ಯಾಪಾರ ಇದಕ್ಕಿಂತ ಜೋರಾಗಿ ಕುಸಿದಿತ್ತು, ಅಟಾರಿ ಅನ್ನೋ ಗೇಮ್ ಕಂಪನಿ ಮಾರಾಟ ಆಗದ ಮಾಲನ್ನ ಲಾರಿಗೆ ತುಂಬಿ ನ್ಯೂ ಮೆಕ್ಸಿಕೊದ ಅಲಮಗೋರ್ಡೊ ಊರಿನ ಕಸದ ಗುಂಡೀಲಿ ಹೂತಿತ್ತು, 2014ರಲ್ಲಿ ಅಗೆದು ತೆಗೆದ್ರು. ಗೇಮಿಂಗ್ ಮುಗೀತು ಅಂತ ಆಗ್ಲೂ ಅಂದಿದ್ರು. ಅದೇ 1983ರ ಜುಲೈನಲ್ಲಿ ಜಪಾನಲ್ಲಿ ನಿಂಟೆಂಡೊ ಕಂಪನಿ ಫ್ಯಾಮಿಕಾಮ್ ಅನ್ನೋ ಟಿವಿ ಗೇಮ್ ಡಬ್ಬ ಬಿಟ್ಟಿತ್ತು. ತೊಂಬತ್ತರ ದಶಕದಲ್ಲಿ ನಾವು ಕ್ಯಾಸೆಟ್‌ಗೆ ಉಫ್ ಅಂತ ಊದಿ ಹಾಕ್ತಿದ್ವಲ್ಲ, ಆ "9999 ಇನ್ 1" ಗೇಮಿನ ಡಬ್ಬ, ಅದು ಅದರದೇ ನಕಲು.

ಈಚೆಗೆ ಬನ್ನಿ, 2024. ಸೋನಿ ಕಂಪನಿಯ ಕಾಂಕರ್ಡ್ ಅನ್ನೋ ಆನ್‌ಲೈನ್ ಗೇಮ್ ಆಗಸ್ಟ್ 23ಕ್ಕೆ ಬಂತು, ಸೆಪ್ಟೆಂಬರ್ 6ಕ್ಕೆ ಸರ್ವರ್ ಆಫ್, ವರ್ಷಗಟ್ಟಲೆ ಕೆಲಸ ಎರಡು ವಾರಕ್ಕೆ ಗೋವಿಂದ. ಅದೇ ವರ್ಷ ಫೆಬ್ರವರೀಲಿ ಬಲಾಟ್ರೊ, ಹೆಚ್ಚುಕಮ್ಮಿ ಒಬ್ಬನೇ ಕೂತು ಮಾಡಿದ ಇಸ್ಪೀಟ್ ಗೇಮು, ಒಂದು ತಿಂಗಳೊಳಗೆ ಹತ್ತು ಲಕ್ಷ ಕಾಪಿ. ನಮ್ಮಲ್ಲೇ ನೋಡಿ, 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಬ್ಯಾನು, 2021ರ ಜುಲೈಗೆ ಬಿಜಿಎಂಐ ಅನ್ನೋ ಹೊಸ ಹೆಸರಲ್ಲಿ ವಾಪಸ್, 2022ರ ಜುಲೈನಲ್ಲಿ ಮತ್ತೆ ಸ್ಟೋರಿಂದ ಮಾಯ, 2023ರ ಮೇನಲ್ಲಿ ಮತ್ತೆ ಹಾಜರ್. ಅಕ್ಕನ ಮಗ ಮಧ್ಯದಲ್ಲಿ ಬೇರೆ ಮೂರು ಗೇಮ್ ಆಡಿ ಮುಗಿಸಿದ್ದ, ಬಂದ ದಿನಾನೇ ಇನ್‌ಸ್ಟಾಲ್ ಮಾಡ್ದ. ಟೂಲ್ ಕಥೆಯೂ ಅಷ್ಟೇ, 2023ರ ಸೆಪ್ಟೆಂಬರ್‌ನಲ್ಲಿ, ಗೇಮ್ ಮಾಡೋಕೆ ಬಳಸೋ ಸಾಫ್ಟ್‌ವೇರಿನ ಕಂಪನಿ ಯೂನಿಟಿಯವ್ರು ಪ್ರತಿ ಇನ್‌ಸ್ಟಾಲ್‌ಗೆ ಫೀಸ್ ಅಂದಾಗ ಪ್ರಳಯ ಅಂತ ನಾವೆಲ್ಲ ಕಿರುಚಿದ್ವಿ, ಒಂದಿಷ್ಟು ಜನ ಅದರ ಬದಲಿಗೆ ಗೊಡೋ ಅನ್ನೋ ಟೂಲ್ ಕಲ್ತ್ರು, ಸರಿಯಾಗಿ ಒಂದು ವರ್ಷಕ್ಕೆ ಯೂನಿಟಿಯವ್ರೇ ಆ ಫೀಸ್ ವಾಪಸ್ ತಗೊಂಡ್ರು.

ಹಂಗಂತ ನಮ್ಮ ಕೆಲಸ ಭದ್ರ ಅಂತ ನಾನು ಹೇಳ್ತಿಲ್ಲ. ಮನಿ ಪ್ಲಾಂಟ್ ಹುಡುಗಿಗೆ ಇನ್ನೂ ಸರಿಯಾದ ಆಫರ್ ಸಿಕ್ಕಿಲ್ಲ, ಅವಳ ಹತ್ರ ಹೋಗಿ ಇಂಡಸ್ಟ್ರಿ ಬೆಳೆಯತ್ತೆ ಕಣೆ ಅಂದ್ರೆ ಕುಂಡ ತಲೆ ಮೇಲೆ ಹಾಕ್ತಾಳೆ. ಇಂಡಸ್ಟ್ರಿ ಬೆಳೆಯೋದು, ನಮ್ಮನ್ನ ಆಚೆ ಹಾಕೋದು ಎರಡೂ ಒಟ್ಟೊಟ್ಟಿಗೇ ನಡೀತಾವೆ. ಮ್ಯಾನೇಜರಂತೂ ಆರ್‌ಸಿಎ ಓದಿ ಕೇಳಿದ್ದು ಒಂದೇ, "ಹಬ್ಬ ಮುಗೀತಲ್ಲ, ಮತ್ತೆ 10ಕ್ಕೆ ಇಳಿಸಬಹುದಾ?" ಇಳಿಸಿಲ್ಲ. ರಿಟ್ರೈ ಟಿಕೆಟ್ ಮಾತ್ರ ಈ ಸಲದ ಕೆಲಸದ ಪಟ್ಟೀಲೂ ಬಂದಿಲ್ಲ.

ತೊಂದರೆ ಆದವ್ರಿಗೆಲ್ಲ 500 ಕಾಯಿನ್ ಕೊಟ್ವಿ, ಲಾಗಿನ್ ಎರರ್ ಲಾಗಲ್ಲಿ ಇದ್ದ ಐಡಿ ತಗೊಂಡು. ರೇಟ್ ಲಿಮಿಟ್ ಬಾಗಿಲಲ್ಲೇ ವಾಪಸ್ ಹೋದವ್ರ ಹೆಸ್ರು ಆ ಲಾಗ್‌ಗೆ ಬಂದೇ ಇಲ್ಲ. ಭಾವ ಪ್ರತಿ ಭಾನುವಾರ ಫೋನ್ ಮಾಡಿದಾಗ್ಲೂ ಕೊನೇಲಿ ಕೇಳ್ತಾರೆ, "ನನ್ನ ಐನೂರು ಯಾವಾಗಪ್ಪಾ?"