ಪ್ರೆಸೆಂಟ್ ಸಾರ್

ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಕಾಲೇಜಿನಿಂದ ಕೇಳಿದಾಗ ಖುಷಿಯಿಂದಲೇ ಒಪ್ಪಿಕೊಂಡೆ. ಬರೆಯುವುದು ನನಗೆ ಯಾವತ್ತೂ ಕಷ್ಟವಾಗಿಲ್ಲ. ಮಾತಾಡುವುದೇ ಕಷ್ಟ. ನಾನಿಲ್ಲಿ ಬಿ.ಎ. ಓದಿದ್ದು 1993ರಿಂದ 1996ರವರೆಗೆ. ಜೊತೆಗೆ ಓದಿದವರಿಗೆ ನನ್ನ ಮುಖ ಮರೆತಿರಬಹುದು, ಆದರೆ 'ಆ ಉಗ್ಗುತ್ತಿದ್ದ ಹುಡುಗ' ಅಂದರೆ ತಕ್ಷಣ ಗೊತ್ತಾಗುತ್ತದೆ.

ಮೊದಲ ವರ್ಷ ಹಾಜರಿ ಕೂಗುತ್ತಿದ್ದ ಒಬ್ಬ ಮೇಷ್ಟ್ರಿಗೆ 'ಯೆಸ್ ಸಾರ್' ಅಂದರೆ ಆಗುತ್ತಿರಲಿಲ್ಲ. 'ಪ್ರೆಸೆಂಟ್ ಸಾರ್' ಅನ್ನಲೇಬೇಕು. ನನ್ನ ಹೆಸರು ಶುರುವಾಗುವುದೂ ಪ ಅಕ್ಷರದಿಂದ, ಪ್ರೆಸೆಂಟ್ ಶುರುವಾಗುವುದೂ ಅದರಿಂದಲೇ. ಪ ಅನ್ನಬೇಕಾದರೆ ತುಟಿ ಮುಚ್ಚಿ ಬಿಡಬೇಕು ಅಲ್ವಾ, ನನ್ನದು ಮುಚ್ಚುತ್ತಿತ್ತು, ಬಿಡುತ್ತಿರಲಿಲ್ಲ. ಉಸಿರು ಕಟ್ಟಿ, ಕತ್ತಿನ ನರ ಉಬ್ಬಿ, ಕಣ್ಣು ತಾನಾಗಿ ಮುಚ್ಚಿಕೊಂಡು, ಬೆಂಚಿನ ಕೆಳಗೆ ಕಾಲು ಪಟಪಟ ಬಡಿದುಕೊಳ್ಳುವಷ್ಟರಲ್ಲಿ ಮೇಷ್ಟ್ರು ಮುಂದಿನ ನಂಬರಿಗೆ ಹೋಗಿರುತ್ತಿದ್ದರು. ಎದುರಿಗೇ ಕೂತಿದ್ದು ಗೈರುಹಾಜರಾದ ವಿದ್ಯಾರ್ಥಿ ಬಹುಶಃ ನಾನೊಬ್ಬನೇ. ವರ್ಷದ ಕೊನೆಗೆ ಶಾರ್ಟೇಜ್ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಯಾಕೆ ಹೀಗಾಯಿತು ಅಂತ ಹೇಳುವುದಕ್ಕೂ ಮಾತಾಡಬೇಕಲ್ಲ. ಸುಮ್ನೆ ದಂಡ ಕಟ್ಟಿದೆ.

ಉಗ್ಗುವವನ ಬುದ್ಧಿಯೆಲ್ಲ ತಪ್ಪಿಸಿಕೊಳ್ಳುವುದರಲ್ಲೇ ಖರ್ಚಾಗುತ್ತದೆ. ನಮ್ಮೂರು ಕೆ.ಆರ್. ನಗರದ ಹತ್ತಿರ. ಮೈಸೂರು ಬಸ್‌ಸ್ಟ್ಯಾಂಡಿನಲ್ಲಿ ಹಾಸನದ ಬಸ್ಸು ಹತ್ತಿದರೆ ಕಂಡಕ್ಟರಿಗೆ 'ಕೆ.ಆರ್. ನಗರ' ಅನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಹ ಸಲೀಸು, ಉಸಿರಿನ ಜೊತೆ ಬಂದುಬಿಡುತ್ತದೆ. ಹಾಗಾಗಿ ಹೊಳೆನರಸೀಪುರಕ್ಕೆ ಟಿಕೆಟ್ ತೆಗೆದುಕೊಂಡು ಕೆ.ಆರ್. ನಗರದಲ್ಲಿ ಇಳಿಯುತ್ತಿದ್ದೆ. ಮನೆಯಿಂದ ಕೊಟ್ಟ ಪಾಕೆಟ್ ಮನಿ ಹೀಗೆ ಎಷ್ಟು ಹೋಯಿತೋ. ಕ್ಲಾಸಿನಲ್ಲೂ ಅದೇ ಆಟ. ಪುಸ್ತಕ ಅನ್ನಲಾಗದೆ ಹೊತ್ತಗೆ ಅನ್ನುತ್ತಿದ್ದೆ, ಪೇಪರ್ ಅನ್ನಲಾಗದೆ ಹಾಳೆ ಅನ್ನುತ್ತಿದ್ದೆ. ನಮ್ಮ ಕನ್ನಡ ಮೇಷ್ಟ್ರು ಇದನ್ನು ಕೇಳಿ, ಈ ಹುಡುಗನಿಗೆ ಎಂಥಾ ಅಚ್ಚಗನ್ನಡದ ಅಭಿಮಾನ ಅಂತ ಬೇರೆ ಸೆಕ್ಷನ್ನಿನಲ್ಲೂ ಹೊಗಳಿದ್ದರಂತೆ! ಹೆಸರು ಹೇಳುವಾಗ ಮಾತ್ರ ಈ ಆಟ ನಡೆಯುವುದಿಲ್ಲ. ಹೆಸರಿಗೆ ಬದಲಿ ಪದ ಎಲ್ಲಿಂದ ತರುವುದು.

ಅಮ್ಮ ಮಾಡದ ಉಪಾಯವಿಲ್ಲ. ಚಿಕ್ಕವನಿದ್ದಾಗ ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಿದ್ದಳು, ಆ ಘಾಟು ಈಗಲೂ ನೆನಪಿದೆ. ಶೃಂಗೇರಿಗೆ ಕರೆದುಕೊಂಡು ಹೋಗಿ ಶಾರದಮ್ಮನಿಗೆ ಹರಕೆ ಹೊತ್ತಳು. ಶನಿವಾರ ತಪ್ಪದೆ ಆಂಜನೇಯನ ಗುಡಿ. ಬುದ್ಧಿರ್ಬಲಂ ಶ್ಲೋಕ ಹೆಚ್ಚಿನವರಿಗೆ ಬರುತ್ತದೆ. ಹನುಮಂತನನ್ನು ನೆನೆದರೆ ಏನೇನು ಸಿಗುತ್ತದೆ ಅಂತ ಹೇಳುವ ಶ್ಲೋಕ ಅದು. ಅದರಲ್ಲಿ ಧೈರ್ಯ ಇದೆ, ಭಯ ಇಲ್ಲದಿರುವುದು ಇದೆ, ಕೊನೆಗೆ ವಾಕ್ಪಟುತ್ವವೂ ಇದೆ. ಅಮ್ಮ ಆ ಪದಕ್ಕೆ ಬಂದಾಗ ನನ್ನ ಕಡೆ ತಿರುಗಿ ಸ್ವಲ್ಪ ಜೋರಾಗಿ ಹೇಳುತ್ತಿದ್ದಳು. ನಾನೂ ಅವಳ ಜೊತೆ ಇಡೀ ಶ್ಲೋಕ ಒಂದೇ ಉಸಿರಿಗೆ ಹೇಳುತ್ತಿದ್ದೆ, ಎಲ್ಲೂ ತಡೆಯುತ್ತಿರಲಿಲ್ಲ. ಆಮೇಲೆ ಅರ್ಚಕರು ಹೊರಗೆ ಬಂದು 'ಹೆಸರು, ನಕ್ಷತ್ರ ಹೇಳಪ್ಪ' ಅಂದರೆ ಅಲ್ಲಿಗೆ ಮುಗಿಯಿತು. ನನ್ನ ಹೆಸರು ಅಮ್ಮನೇ ಹೇಳಬೇಕು.

ಎರಡನೇ ವರ್ಷ ಆ ಕನ್ನಡ ಮೇಷ್ಟ್ರಿಗೆ ನನ್ನ ಅಚ್ಚಗನ್ನಡದ ಗುಟ್ಟು ಗೊತ್ತಾಯಿತು. ಬೈಯಲಿಲ್ಲ, ಕನಿಕರವನ್ನೂ ತೋರಿಸಲಿಲ್ಲ. ಅವರು ಗಮಕ ಕಲಿತವರು. ಸಂಜೆ ಸ್ಟಾಫ್ ರೂಮಿಗೆ ಕರೆದು ಒಂದು ಭಾಮಿನಿ ಷಟ್ಪದಿ ಕೊಟ್ಟು 'ಇದನ್ನು ಓದಬೇಡ ಕಣಯ್ಯಾ, ಹಾಡು' ಅಂದರು. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು ಅಂತ ಬೆರಳಿನಲ್ಲಿ ಮೇಜಿನ ಮೇಲೆ ಲಯ ಹಾಕಿಕೊಡುತ್ತಾ ಕೂತರು. ಹಾಡಿದೆ. ಪ ಬಂತು, ಹೋಯಿತು, ನನಗೆ ಗೊತ್ತೇ ಆಗಲಿಲ್ಲ! ಹೊರಗೆ ಬಂದು ಗೆಳೆಯನಿಗೆ ಇದನ್ನು ಹೇಳಲು ಹೋದರೆ ಮತ್ತೆ ತುಟಿ ಮುಚ್ಚಿಕೊಂಡಿತು.

ಆಗ ಮೇಷ್ಟ್ರೇ ಹೇಳಿದ್ದು, ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಹೋಗು ಅಂತ. 1960ರ ದಶಕದಿಂದ ನಮ್ಮ ಮೈಸೂರಿನಲ್ಲೇ ಇರುವ ಸಂಸ್ಥೆ. ಮಾತು, ಕಿವಿಯ ತೊಂದರೆ ಇದ್ದವರು ದೇಶದ ಎಲ್ಲೆಲ್ಲಿಂದಲೋ ಬರುತ್ತಾರೆ. ಹಾಸ್ಟೆಲಿನಿಂದ ಸೈಕಲ್ಲಿನಲ್ಲಿ ಹೋಗಿಬರುವ ದೂರದಲ್ಲಿದ್ದ ನಾನು ಮಾತ್ರ ಹೋಗಲಿಲ್ಲ. ಹೋಗಲಿಲ್ಲ ಅಂದರೆ, ಹಾಸ್ಟೆಲಿನಿಂದ ಹೊರಡುತ್ತಿದ್ದೆ. ಗೇಟಿನ ಹತ್ತಿರ ಬಂದ ಕೂಡಲೇ ಇವತ್ತು ಜನ ಜಾಸ್ತಿ ಇರಬಹುದು, ನಾಳೆ ಟೆಸ್ಟ್ ಇದೆ, ತಲೆ ಬೇರೆ ನೋಯುತ್ತಿದೆ ಅನ್ನಿಸಿ ಸೈಕಲ್ ಕುಕ್ಕರಹಳ್ಳಿ ಕೆರೆಯ ಕಡೆ ತಿರುಗುತ್ತಿತ್ತು. ಆ ಕೆರೆ ಏರಿಯ ಮೇಲೆ ನಾನು ನೋಡಿದಷ್ಟು ಹಕ್ಕಿಗಳನ್ನು ಹಕ್ಕಿ ನೋಡುವುದಕ್ಕೆ ಅಂತಲೇ ಬರುವವರೂ ನೋಡಿರಲಿಕ್ಕಿಲ್ಲ. ಒಳಗೆ ಹೋದರೆ ಮೊದಲು ಕೇಳುವುದೇ ಹೆಸರು, ನನ್ನ ಭಯ ಇಷ್ಟೇ. ಕೊನೆಗೆ ಊರಿಂದ ಅಮ್ಮನೇ ಬಂದು, ಏನೂ ಮಾತಾಡದೆ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಮಾತು ಬರುತ್ತದೆ ಅಂತ ಅವಳಿಗೆ ನಂಬಿಕೆ ಇತ್ತು, ನನಗೆ ಇರಲಿಲ್ಲ. ಈಗ ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ, ಅಲ್ಲಿನ ಲೆಕ್ಕದಲ್ಲೇ ಹೇಳಿದರೆ ಅವಳ ಜಾಮೀನಿನ ಮೇಲೆ ನನಗೆ ಸಾಲ ಸಿಕ್ಕಿತು.

ಅಲ್ಲಿನ ಥೆರಪಿಸ್ಟ್ ಮೇಡಂ ಹೇಳಿದ ಮೊದಲ ಸಂಗತಿಯೇ ನನಗೆ ದೊಡ್ಡ ಸಮಾಧಾನ ಕೊಟ್ಟಿತು. ದೊಡ್ಡವರಲ್ಲಿ ನೂರಕ್ಕೆ ಸುಮಾರು ಒಬ್ಬರು ಉಗ್ಗುತ್ತಾರೆ. ಚಿಕ್ಕ ಮಕ್ಕಳಲ್ಲಿ ಇನ್ನೂ ಜಾಸ್ತಿ, ಆದರೆ ಹೆಚ್ಚಿನವರಿಗೆ ತಾನಾಗಿ ಹೋಗುತ್ತದೆ. ಉಳಿದುಕೊಂಡರೆ ಅದು ಹೆದರುಪುಕ್ಕಲು ಅಂತಲೋ ನಾಲಿಗೆ ದಪ್ಪ ಅಂತಲೋ ಅಲ್ಲ, ಮಾತನ್ನು ನಡೆಸುವ ಮಿದುಳಿನ ಕೆಲಸದಲ್ಲೇ ಸ್ವಲ್ಪ ವ್ಯತ್ಯಾಸ, ಕೆಲವು ಮನೆತನಗಳಲ್ಲಿ ತಲೆಮಾರಿನಿಂದ ಬರುತ್ತದೆ. ಹಾಡುವಾಗ, ನಾಲ್ಕು ಜನರ ಜೊತೆ ಸೇರಿ ಹೇಳುವಾಗ, ತಾಳಕ್ಕೆ ಹೇಳುವಾಗ ಉಗ್ಗು ಹೆಚ್ಚಿನವರಿಗೆ ಮಾಯ. ಶ್ಲೋಕದ, ಗಮಕದ ಗುಟ್ಟು ಇದೇ. 'ಆದರೆ ಕಂಡಕ್ಟರ್ ಹತ್ತಿರ ಷಟ್ಪದಿಯಲ್ಲಿ ಟಿಕೆಟ್ ಕೇಳೋಕಾಗುತ್ತಾ?' ಅಂದು ಮೇಡಂ ನಕ್ಕರು. ಭಯದಿಂದ ಉಗ್ಗು ಹುಟ್ಟುವುದಿಲ್ಲ, ಆದರೆ ಭಯ ಅದನ್ನು ಸಾಕಿ ಬೆಳೆಸುತ್ತದೆ, ತಪ್ಪಿಸಿಕೊಂಡಷ್ಟೂ ಭಯ ಕೊಬ್ಬುತ್ತದೆ, ಇದು ಅವರ ಮಾತು.

ಕಲಿಸಿದ್ದು ಏನೂ ಮಂತ್ರವಲ್ಲ. ಮಾತಿಗೆ ಮೊದಲು ಸ್ವಲ್ಪ ಉಸಿರು ಹೊರಗೆ ಬಿಡು, ತುಟಿಯನ್ನು ಗಟ್ಟಿಯಾಗಿ ಒತ್ತಬೇಡ, ಸುಮ್ಮನೆ ತಾಗಿಸು, ಮೊದಲ ಅಕ್ಷರವನ್ನು ಎಳೆದು ಹೇಳು. ರೂಮಿನೊಳಗೆ ಇದು ಚೆನ್ನಾಗಿಯೇ ಬರುತ್ತಿತ್ತು. ಹೊರಗೆ ಬಂದರೆ ಎಲ್ಲ ಮರೆತುಹೋಗುತ್ತಿತ್ತು. ತಿಂಗಳುಗಟ್ಟಲೆ ಹೀಗೇ ನಡೆಯಿತು, ಬಿಟ್ಟುಬಿಡೋಣ ಅಂತ ಎಷ್ಟೋ ಸಲ ಅನ್ನಿಸಿತು. ಆಮೇಲೆ ಅವರು ಹೇಳಿದ್ದು ಕೇಳಿ ನನಗೆ ಜ್ವರ ಬರುವುದೊಂದು ಬಾಕಿ. ಬೇಕಂತಲೇ ಉಗ್ಗಬೇಕಂತೆ! ಗೊತ್ತಿಲ್ಲದವರ ಎದುರು, ಸುಲಭವಾಗಿ ಬರುವ ಪದದ ಮೇಲೂ. ಇದನ್ನು ಬಳಕೆಗೆ ತಂದವರಲ್ಲಿ ಮುಖ್ಯರಾದ ಅಮೆರಿಕದ ಚಾರ್ಲ್ಸ್ ವ್ಯಾನ್ ರೈಪರ್ ಕೂಡ ಉಗ್ಗುತ್ತಿದ್ದವರೇ. ಹುಡುಗನಾಗಿದ್ದಾಗ ಮಾತಾಡುವ ಕಷ್ಟವೇ ಬೇಡ ಅಂತ ಕಿವುಡ-ಮೂಗನ ಹಾಗೆ ನಟಿಸಿ ಹೊಲದ ಕೆಲಸಕ್ಕೆ ಸೇರಿದ್ದರಂತೆ. ಅದನ್ನು ಕೇಳಿದ ಮೇಲೆ ಹೊಳೆನರಸೀಪುರದ ಟಿಕೆಟ್ಟಿನ ಬಗ್ಗೆ ನಾಚಿಕೆ ಸ್ವಲ್ಪ ಕಮ್ಮಿಯಾಯಿತು.

ನಾನು ಆರಿಸಿಕೊಂಡಿದ್ದು ದೇವರಾಜ ಮಾರ್ಕೆಟ್. ಹೂವಿನ ಸಾಲಿನಲ್ಲಿ ನಿಂತು ಮನಸ್ಸಿನಲ್ಲೇ ಬುದ್ಧಿರ್ಬಲಂ ಹೇಳಿಕೊಂಡೆ. ಒಬ್ಬ ಅಜ್ಜಿ ಮಲ್ಲಿಗೆ ಕಟ್ಟುತ್ತಾ ಕೂತಿದ್ದರು. 'ಮ-ಮ-ಮ-ಮಲ್ಲಿಗೆ ಎಷ್ಟು?' ಅಂತ ಬೇಕಂತಲೇ ಎಳೆದೆ. ಬೆವರು ಬೆನ್ನಿನ ಮೇಲೆ ಇಳಿಯುತ್ತಿದ್ದುದು ಗೊತ್ತಾಗುತ್ತಿತ್ತು. ಅಜ್ಜಿ ತಲೆ ಎತ್ತಿದರು. ನಾನು ಮುಗಿಸುವವರೆಗೆ ಬೆರಳಲ್ಲಿ ಬಾಳೆನಾರು ಹಿಡಿದೇ ಇದ್ದರು. ಆಮೇಲೆ ಬೆಲೆ ಹೇಳಿ, 'ಎಷ್ಟು ಮೊಳ ಬೇಕು ಹೇಳು ಮಗ' ಅಂತ ಕೈ ಚಾಚಿ ಅಳೆಯಲು ಶುರು ಮಾಡಿದರು. ಅಷ್ಟೇ! ನಾನು ವರ್ಷಗಟ್ಟಲೆ ಹೆದರಿಕೊಂಡಿದ್ದು ಈ ಒಂದು ಗಳಿಗೆಗೆ, ಅವರಿಗೋ ಹೂವು ಬಾಡುವುದರೊಳಗೆ ಮಾರಿದರೆ ಸಾಕಾಗಿತ್ತು. ಎಲ್ಲರೂ ಹಾಗಿರಲಿಲ್ಲ ಬಿಡಿ. ಮುಂದಿನ ಸಾಲಿನಲ್ಲಿ ವೀಳ್ಯದೆಲೆಯ ಹುಡುಗ ನನ್ನನ್ನೇ ಅಣಕಿಸಿದ. ಕೋಪ ಬಂತು, ಆದರೂ ಎಲೆ ಕೇಳಿ ತೆಗೆದುಕೊಂಡೇ ಬಂದೆ. ಹಾಸ್ಟೆಲಿನಲ್ಲಿ ಎಲೆ ಹಾಕುವವರು ಯಾರೂ ಇರಲಿಲ್ಲ.

ಕೊನೆಯ ವರ್ಷದ ರಾಜ್ಯೋತ್ಸವಕ್ಕೆ ಮೇಷ್ಟ್ರು ನನ್ನ ಕೈಗೆ ವಂದನಾರ್ಪಣೆ ಕೊಟ್ಟರು. ವಂದನಾರ್ಪಣೆಯಲ್ಲಿ ಯಾರನ್ನು ಬಿಟ್ಟರೂ ಪ್ರಾಂಶುಪಾಲರನ್ನು ಬಿಡುವ ಹಾಗಿಲ್ಲ ಅಲ್ವಾ. ಮತ್ತೆ ಪ! ಹಿಂದಿನ ದಿನ ರಾತ್ರಿ 'ಕಾಲೇಜಿನ ಮುಖ್ಯಸ್ಥರು' ಅಂತ ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ, ಬೆಳಿಗ್ಗೆ ಮತ್ತೆ ಹೊಡೆದುಹಾಕಿ ವೇದಿಕೆ ಹತ್ತಿದೆ. ಪ್ರಾಂಶುಪಾಲರ ಸರದಿ ಬಂತು. ತುಟಿ ಮುಚ್ಚಿಕೊಂಡಿತು. ಹಾಲ್ ತುಂಬ ಜನ. ಮುಂದಿನ ಸಾಲಿನಿಂದ ಯಾರೋ ಪಾಪ, ಸಹಾಯ ಮಾಡೋಣ ಅಂತ 'ಪ್ರಾಂಶುಪಾಲರು' ಅಂತ ಹೇಳಿಕೊಡಲು ಬಾಯಿ ತೆರೆದರು, ಮೇಷ್ಟ್ರು ಅವರ ಕಡೆ ಕೈ ಎತ್ತಿ ತಡೆದರು. ಕಾದರು. ಎಲ್ಲರೂ ಕಾದರು. ಒತ್ತುತ್ತಿದ್ದ ತುಟಿಯನ್ನು ಸಡಿಲ ಬಿಟ್ಟೆ, ಸ್ವಲ್ಪ ಉಸಿರು ಬಿಟ್ಟೆ, ಎಳೆದೆ. ಬಂತು. ಆಮೇಲೂ ಎಷ್ಟೋ ಕಡೆ ತಡೆಯಿತು, ಶಾಮಿಯಾನದವರಿಗೆ, ಮೈಕಿನವರಿಗೆ, ಯಾರನ್ನೂ ಬಿಡದೆ ವಂದಿಸಿ ಇಳಿದೆ.

ಅಮ್ಮನ ಹರಕೆ ತೀರಿಸಲು ಶೃಂಗೇರಿಗೆ ಹೊರಟಾಗ, 'ಉಗ್ಗು ಇನ್ನೂ ಹೋಗಿಲ್ಲವಲ್ಲಮ್ಮ' ಅಂದೆ. 'ನಾನು ಕೇಳಿದ್ದು ಮಾತು ಬರಲಿ ಅಂತ ಕಣೋ, ಬಂತಲ್ಲ' ಅಂದಳು. ಅಲ್ಲಿ ಸಂಕಲ್ಪಕ್ಕೆ ಹೆಸರು ಕೇಳಿದಾಗ ನಾನೇ ಹೇಳಿದೆ, ಸ್ವಲ್ಪ ಹೊತ್ತು ಹಿಡಿಯಿತು, ಹಿಂದೆ ಇದ್ದವರು ಗೊಣಗಿದರು, ಅಮ್ಮ ತುಟಿ ಪಿಟಕ್ಕೆನ್ನಲಿಲ್ಲ. ನಕ್ಷತ್ರ ಮಾತ್ರ ಅವಳೇ ಹೇಳಬೇಕಾಯಿತು, ನನಗೆ ಗೊತ್ತಿರಲಿಲ್ಲ.

ಈಗಲೂ ಫೋನಿನಲ್ಲಿ ಹೊಸಬರು ಸಿಕ್ಕರೆ ಮೊದಲ ಪದಕ್ಕೆ ತಡೆಯುತ್ತದೆ. ಕೆಲವು ದಿನ ಚೆನ್ನಾಗಿರುತ್ತದೆ, ಕೆಲವು ದಿನ ಕೌಂಟರಿನಲ್ಲಿ ಗ್ರಾಹಕರು ಕಾಯಬೇಕಾಗುತ್ತದೆ, ಕಾಯುತ್ತಾರೆ. ಟಿಕೆಟ್ ಮಾತ್ರ ಇಳಿಯುವ ಊರಿಗೇ ತೆಗೆದುಕೊಳ್ಳುತ್ತೇನೆ. ಈಗ ಓದುತ್ತಿರುವ ಮಕ್ಕಳಲ್ಲೂ ನನ್ನಂಥವರು ಕೆಲವರಾದರೂ ಇರಲೇಬೇಕು. ಹಾಜರಿ ಕೂಗುವವರು ಅವರಿಗೆ ನಾಲ್ಕು ಸೆಕೆಂಡ್ ಜಾಸ್ತಿ ಕೊಟ್ಟರೆ ಒಳ್ಳೆಯದು, ಅವರ ಪದವನ್ನು ಪಕ್ಕದವರು ಮುಗಿಸದಿದ್ದರೆ ಇನ್ನೂ ಒಳ್ಳೆಯದು. ಕುಕ್ಕರಹಳ್ಳಿ ಕೆರೆಯ ಹತ್ತಿರ ಯಾರಾದರೂ ಸುಮ್ನೆ ಸೈಕಲ್ ಹಿಡಿದು ನಿಂತಿರುವುದು ಕಂಡರೆ ನನಗಂತೂ ಅನುಮಾನ ಬರುತ್ತದೆ.

ಅಂದಹಾಗೆ, ಈ ಸಲದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಸ್ವಾಗತ ಭಾಷಣ ನನ್ನದೇ. ಆಹ್ವಾನ ಪತ್ರಿಕೆಯ ಕರಡಿನಲ್ಲಿ ನನಗೆ ಹತ್ತು ನಿಮಿಷ ಅಂತ ಹಾಕಿದ್ದಾರೆ. ಹದಿನೈದು ಬೇಕಾಗುತ್ತದೆ, ಕಾರ್ಯದರ್ಶಿಗಳು ದಯವಿಟ್ಟು ತಿದ್ದಿಕೊಳ್ಳಬೇಕು.