ವಾಕ್ಯದ ಕೊನೆಯ ‘ಇಲ್ಲ’ ಎಲ್ಲಿ ಹೋಯಿತು

17 ನವೆಂಬರ್ 2024, ಭಾನುವಾರ ರಾತ್ರಿ

ಗುರುವಾರದಿಂದ ಲ್ಯಾಪ್‌ಟಾಪಿನ ಮೈಕ್ ಹಿಂದೆ ಬಿದ್ದಿದ್ದೆ. ಇವತ್ತು ಸಂಜೆ ಸರಿಹೋಯಿತು. ಮರೆಯುವ ಮುಂಚೆ ಎಲ್ಲ ಬರೆದಿಡುತ್ತೇನೆ. ಇದೇ ತೊಂದರೆಯಿಂದ ಇನ್ಯಾರೋ ಚೆನ್ನಾಗಿರುವ ಮೈಕನ್ನು ಸುಮ್ನೆ ಬದಲಾಯಿಸಲು ಹೊರಟಿರಬಹುದು.

ಶುರುವಾಗಿದ್ದು ಅಕ್ಕನ ಜೊತೆ ವಿಡಿಯೊ ಕರೆಯಲ್ಲಿ. ‘ಶನಿವಾರ ಬರೋದಿಲ್ಲ’ ಅಂದೆ. ‘ಸರಿ, ಎಷ್ಟು ಹೊತ್ತಿಗೆ ಬರ್ತೀಯ?’ ಅಂತ ಕೇಳಿದಳು. ಅವಳಿಗೆ ಕೇಳಿಸಿದ್ದು ‘ಶನಿವಾರ ಬರೋದು’ ಅಂತ ಮಾತ್ರ. ಮತ್ತೆ ಹೇಳಿದರೂ ಅಷ್ಟೇ. ‘ಕೊಡದೊಳಗೆ ತಲೆ ಇಟ್ಟು ಮಾತಾಡಿದ ಹಾಗಿದೆ ಕಣೋ, ಕೊನೆ ಅಕ್ಷರ ನುಂಗ್ತಿದೀಯ’ ಅಂದಳು.

ಕನ್ನಡದಲ್ಲಿ ಇದು ಸಣ್ಣ ತೊಂದರೆ ಅಲ್ಲ. ನಮ್ಮ ವಾಕ್ಯದ ಜೀವ ಇರುವುದೇ ಕೊನೆಯಲ್ಲಿ. ಹೌದೋ ಅಲ್ಲವೋ, ಬಂದನೋ ಬಂದಳೋ, ಎಲ್ಲವೂ ಅಲ್ಲೇ ತಿಳಿಯಬೇಕು. ಮಾತು ಮುಗಿಸುವಾಗ ನಾವು ದನಿ ತಗ್ಗಿಸುತ್ತೇವೆ. ಆ ತಗ್ಗಿದ ದನಿಯನ್ನೇ ಯಾವುದೋ ಒಂದು ಕತ್ತರಿಸಿ ಹಾಕುತ್ತಿತ್ತು.

ಮೊದಲು ಎಲ್ಲರೂ ನೋಡುವುದನ್ನೇ ನೋಡಿದೆ. ಮೈಕಿನ ಮಟ್ಟ, ಯಾವ ಮೈಕ್ ಆಯ್ಕೆಯಾಗಿದೆ, ಮೈಕ್ ಬಳಸಲು ಆ್ಯಪ್‌ಗಳಿಗೆ ಅನುಮತಿ ಇದೆಯಾ, ಎಲ್ಲ ಸರಿಯಿತ್ತು. ಆಮೇಲೆ ಡಿವೈಸ್ ಮ್ಯಾನೇಜರಿಗೆ ಹೋಗಿ ಸೌಂಡ್ ಡ್ರೈವರ್, ಅಂದರೆ ವಿಂಡೋಸಿಗೂ ಧ್ವನಿಯ ಯಂತ್ರಾಂಶಕ್ಕೂ ನಡುವಿನ ತಂತ್ರಾಂಶವನ್ನು, ತೆಗೆದು ರೀಸ್ಟಾರ್ಟ್ ಮಾಡಿದೆ. ವಿಂಡೋಸ್ ತಾನಾಗಿಯೇ ಅದನ್ನು ಮತ್ತೆ ಹಾಕಿಕೊಂಡಿತು. ಏನೂ ಬದಲಾಗಲಿಲ್ಲ. ತಯಾರಕರ ತಾಣದಿಂದ ಹೊಸ ಡ್ರೈವರ್ ತಂದು ಹಾಕಿದರೂ ಅದೇ ಕಥೆ. ಶುಕ್ರವಾರ ಯುಎಸ್‌ಬಿ ಹೆಡ್‌ಸೆಟ್ ಸಿಕ್ಕಿಸಿ ನೋಡಿದೆ. ಅದರಲ್ಲಿ ಮಾತು ಪೂರ್ತಿ ಬಂತು. ಅಲ್ಲಿಗೆ ಒಳಗಿನ ಮೈಕೇ ಕೆಟ್ಟಿದೆ ಅಂದುಕೊಂಡೆ.

ಆ ತೀರ್ಮಾನ ತಪ್ಪು ಅಂತ ಗೊತ್ತಾಗಿದ್ದು ನಿನ್ನೆ. ಪೆನ್‌ಡ್ರೈವಿನಲ್ಲಿ ಲಿನಕ್ಸ್ (ವಿಂಡೋಸಿನಂಥದೇ ಇನ್ನೊಂದು ಕಾರ್ಯಾಚರಣ ವ್ಯವಸ್ಥೆ) ಹಾಕಿ, ಲ್ಯಾಪ್‌ಟಾಪಿಗೆ ಇನ್‌ಸ್ಟಾಲ್ ಮಾಡದೆ, ಅದರಿಂದಲೇ ಲ್ಯಾಪ್‌ಟಾಪ್ ಶುರು ಮಾಡಿದೆ. ಅದೇ ಮೈಕಿಗೆ ‘ಶನಿವಾರ ಬರೋದಿಲ್ಲ’ ಅಂತ ಹೇಳಿ ರೆಕಾರ್ಡ್ ಮಾಡಿದೆ. ಪೂರ್ತಿ ವಾಕ್ಯ, ‘ಇಲ್ಲ’ದ ಒತ್ತಕ್ಷರದ ಸಮೇತ! ಮೈಕ್ ಸರಿಯಾಗಿಯೇ ಇದೆ. ಕೆಟ್ಟಿರುವುದು ಮೈಕಿನಿಂದ ಆ್ಯಪ್‌ವರೆಗಿನ ದಾರಿ. ಹಣ ಖರ್ಚು ಮಾಡುವ ಮುಂಚೆ ಈ ಒಂದು ಪರೀಕ್ಷೆ ಮಾಡಿ ಅಂತ ಕೇಳಿಕೊಳ್ಳುತ್ತೇನೆ. ಅರ್ಧ ಗಂಟೆಯ ಕೆಲಸ, ಅಷ್ಟೇ.

ಆ ದಾರಿ ಹೇಗಿದೆ ಅಂತ ತಿಳಿದರೆ ಉಳಿದದ್ದು ಸುಲಭ. 2007ರಲ್ಲಿ ವಿಸ್ಟಾ ಬಂದಾಗ ವಿಂಡೋಸಿನ ಧ್ವನಿ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಿದರು. ಸಾಮಾನ್ಯವಾಗಿ ಎಲ್ಲ ಆ್ಯಪ್‌ಗಳ ಸದ್ದು ಒಂದೇ ಎಂಜಿನ್ ಮೂಲಕ ಹಾದುಹೋಗುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ‘ವಿಂಡೋಸ್ ಆಡಿಯೊ ಡಿವೈಸ್ ಗ್ರಾಫ್ ಐಸೊಲೇಶನ್’ ಅಂತ ಕಾಣುವುದು ಅದೇ. ತುಂಬ ಜನ ಅದನ್ನು ವೈರಸ್ ಅಂದುಕೊಂಡು ಹೆದರುತ್ತಾರೆ, ಆದರೆ ಅದು ವೈರಸ್ ಅಲ್ಲ. ದಾರಿಯ ಮಧ್ಯೆ ಸದ್ದನ್ನು ತಿದ್ದುವ ಪುಟ್ಟ ತುಣುಕುಗಳನ್ನು ಕೂರಿಸಬಹುದು. ಅವಕ್ಕೆ ಆಡಿಯೊ ಪ್ರೊಸೆಸಿಂಗ್ ಆಬ್ಜೆಕ್ಟ್, ಚಿಕ್ಕದಾಗಿ ಎಪಿಒ ಅನ್ನುತ್ತಾರೆ. ಪ್ರತಿಧ್ವನಿ ತೆಗೆಯುವುದು, ಗದ್ದಲ ತಗ್ಗಿಸುವುದು, ಬೇಸ್ ಹೆಚ್ಚಿಸುವುದು ಇಂಥ ತುಣುಕುಗಳ ಕೆಲಸ. ಇವು ಕೂರುವುದು ಒಂದೊಂದು ಸಾಧನದ ಮೇಲೆ. ಹೆಡ್‌ಸೆಟ್ ಬೇರೆ ಸಾಧನ, ಅದಕ್ಕೇ ಅದು ಬಚಾವಾಗಿತ್ತು.

ಈ ಎಂಜಿನ್ನನ್ನು ದಾಟಿ ಹೋಗುವ ದಾರಿಯೂ ಒಂದಿದೆ, ಎಕ್ಸ್‌ಕ್ಲೂಸಿವ್ ಮೋಡ್. ಆ ಮೋಡಿನಲ್ಲಿ ಒಂದೇ ಆ್ಯಪ್ ಸಾಧನವನ್ನು ನೇರವಾಗಿ ಹಿಡಿದುಕೊಳ್ಳುತ್ತದೆ, ಮಧ್ಯದ ತುಣುಕುಗಳು ಪಕ್ಕಕ್ಕೆ ಸರಿಯುತ್ತವೆ. ನಾನು ಬಳಸುವ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಈ ಆಯ್ಕೆ ಇದೆ. ಹಾಕಿ ನೋಡಿದೆ. ವಿಂಡೋಸಿನಲ್ಲೇ, ಅದೇ ಮೈಕಿನಲ್ಲಿ, ಪೂರ್ತಿ ವಾಕ್ಯ ಬಂತು. ಆಯ್ಕೆ ತೆಗೆದೆ, ‘ಇಲ್ಲ’ ಮಾಯ. ಮತ್ತೆ ಹಾಕಿದೆ, ಬಂತು. ಆ ಖುಷಿಯಲ್ಲಿ ಹತ್ತು ಸಲ ಮಾಡಿರಬೇಕು.

ಆಗ ನೆನಪಾಯಿತು. ಎರಡು ತಿಂಗಳ ಹಿಂದೆ ಹಿನ್ನೆಲೆ ಗದ್ದಲ ತೆಗೆಯುವ ತಂತ್ರಾಂಶವೊಂದನ್ನು ಹಾಕಿದ್ದೆ. ಹಿಡಿಸಲಿಲ್ಲ, ಆ್ಯಪ್‌ಗಳ ಪಟ್ಟಿಗೆ ಹೋಗಿ ಅನ್‌ಇನ್‌ಸ್ಟಾಲ್ ಒತ್ತಿದ್ದೆ. ಪಟ್ಟಿಯಿಂದ ಹೆಸರು ಹೋಗಿತ್ತು. ಅದು ಕೂರಿಸಿದ್ದ ತುಣುಕು ಮಾತ್ರ ಹೋಗಿರಲಿಲ್ಲ. ಅದನ್ನು ನಿಲ್ಲಿಸಲು, ಹೊಂದಿಸಲು ಈಗ ಯಾವ ಕಿಟಕಿಯೂ ಇಲ್ಲ. ಗದ್ದಲ ಎಲ್ಲಿ ಮುಗಿದು ಮಾತು ಎಲ್ಲಿ ಶುರು ಅಂತ ತನಗೆ ತೋಚಿದಂತೆ ಕತ್ತರಿಸುತ್ತಾ ಕೂತಿತ್ತು. ಸ್ವಚ್ಛವಾಗಿ ಹೊರಗೆ ಹೋಗುವುದೂ ತಂತ್ರಾಂಶದ ಕೆಲಸದ ಭಾಗ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಇನ್ನೊಬ್ಬರ ಕಂಪ್ಯೂಟರಿನ ಧ್ವನಿಗೆ ಕೈ ಹಾಕುವವರು ಅಷ್ಟನ್ನಾದರೂ ಮಾಡಬೇಕು, ಅಲ್ವಾ?

ಇವತ್ತು ಬೆಳಿಗ್ಗೆ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಸೌಂಡ್, ಮೈಕಿನ ಹೆಸರು ಒತ್ತಿ ‘ಆಡಿಯೊ ಎನ್‌ಹ್ಯಾನ್ಸ್‌ಮೆಂಟ್ಸ್’ ಆಫ್ ಮಾಡಿದೆ. ಮಾತು ಸರಿಯಾಯಿತು. ತುಂಬ ಜನರಿಗೆ ಇಷ್ಟೇ ಸಾಕು, ಇಲ್ಲಿಗೇ ನಿಲ್ಲಿಸಬಹುದು. ನನ್ನಲ್ಲಿ ಮಾತ್ರ ರೀಸ್ಟಾರ್ಟ್ ಆದ ಮೇಲೆ ಅದು ಮತ್ತೆ ಆನ್ ಆಗಿತ್ತು. ಹಾಗಾಗಿ ಬೇರಿಗೇ ಹೋಗಬೇಕಾಯಿತು.

ಡ್ರೈವರ್ ಬದಲಿಸಿದರೂ ಯಾಕೆ ಏನೂ ಆಗಲಿಲ್ಲ ಅನ್ನುವುದು ಅಲ್ಲಿ ಗೊತ್ತಾಯಿತು. ಈಗಿನ ವಿಂಡೋಸಿನಲ್ಲಿ ಡ್ರೈವರ್ ಒಂದೇ ಗಂಟಾಗಿ ಇರುವುದಿಲ್ಲ. ಮೂಲ ಡ್ರೈವರ್ ಒಂದು, ಅದಕ್ಕೆ ಅಂಟಿಕೊಳ್ಳುವ ಎಕ್ಸ್‌ಟೆನ್ಶನ್ ಇನ್ನೊಂದು, ಸಾಫ್ಟ್‌ವೇರ್ ಕಾಂಪೊನೆಂಟ್ ಮತ್ತೊಂದು. ಸದ್ದು ತಿದ್ದುವ ತುಣುಕು ಬಂದಿದ್ದು ಈ ಕೊನೆಯ ಎರಡರ ಜೊತೆ. ಎಲ್ಲದರ ಪ್ರತಿಯೂ ಡ್ರೈವರ್ ಸ್ಟೋರ್ ಅನ್ನುವ ಉಗ್ರಾಣದಲ್ಲಿ ಇರುತ್ತದೆ. ನಾವು ಮೂಲ ಡ್ರೈವರನ್ನು ಎಷ್ಟು ಸಲ ತೆಗೆದು ಹಾಕಿದರೂ, ಉಗ್ರಾಣದಲ್ಲಿರುವ ಹಳೆಯ ಎಕ್ಸ್‌ಟೆನ್ಶನ್ ಬಂದು ಮತ್ತೆ ಅಂಟಿಕೊಳ್ಳುತ್ತದೆ. ನಾನು ಮೂರು ದಿನ ಹೊಸ ಡ್ರೈವರಿಗೆ ಹಳೆಯ ತುಣುಕನ್ನೇ ಜೋಡಿಸಿಕೊಡುತ್ತಿದ್ದೆ.

ಮೊದಲು ಒಂದು ರೀಸ್ಟೋರ್ ಪಾಯಿಂಟ್ ಮಾಡಿಕೊಂಡೆ, ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು. ಇದನ್ನು ಬಿಡಬೇಡಿ. ಡಿವೈಸ್ ಮ್ಯಾನೇಜರಿನ ವ್ಯೂ ಮೆನುವಿನಲ್ಲಿ ‘ಶೋ ಹಿಡನ್ ಡಿವೈಸಸ್’ ಒತ್ತಿದೆ. ‘ಸಾಫ್ಟ್‌ವೇರ್ ಕಾಂಪೊನೆಂಟ್ಸ್’ ಸಾಲಿನ ಕೆಳಗೆ ಆ ಹಳೆಯ ಹೆಸರು ಕೂತಿತ್ತು! ಅನ್‌ಇನ್‌ಸ್ಟಾಲ್ ಒತ್ತಿದಾಗ ಡ್ರೈವರನ್ನೂ ತೆಗೆಯಲೇ ಅಂತ ಒಂದು ಚೌಕ ಕೇಳುತ್ತದೆ. ಅದಕ್ಕೆ ಟಿಕ್ ಹಾಕದಿದ್ದರೆ ಉಗ್ರಾಣದ ಪ್ರತಿ ಹಾಗೇ ಉಳಿಯುತ್ತದೆ. ಆಮೇಲೆ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಪಿಎನ್‌ಪಿ ಯುಟಿಲ್ (pnputil) ಕಮಾಂಡಿನಿಂದ, ವಿಂಡೋಸಿನ ಜೊತೆ ಬರದೆ ಹೊರಗಿನಿಂದ ಬಂದ ಡ್ರೈವರ್‌ಗಳ ಪಟ್ಟಿ ತೆಗೆದೆ. ಪ್ರತಿಯೊಂದಕ್ಕೂ ಒಇಎಂ ಅಂತ ಶುರುವಾಗುವ ಒಂದು ನಂಬರ್, ಮೂಲ ಹೆಸರು, ಕೊಟ್ಟವರ ಹೆಸರು ಇರುತ್ತವೆ. ನಿಧಾನವಾಗಿ ಓದುತ್ತಾ ಹೋದೆ. ಅದೇ ಹೆಸರಿನ ಎಕ್ಸ್‌ಟೆನ್ಶನ್ ಒಂದು ಸಿಕ್ಕಿತು. ಅದರ ನಂಬರನ್ನು ಎರಡು ಸಲ ನೋಡಿ ಖಚಿತ ಮಾಡಿಕೊಂಡು ಅದನ್ನೊಂದನ್ನೇ ಅಳಿಸಿದೆ. ಗುರುತು ಸಿಗದ ಯಾವುದಕ್ಕೂ ಕೈ ಹಾಕಲಿಲ್ಲ. ಒತ್ತಾಯದಿಂದ ಅಳಿಸುವ ಆಯ್ಕೆಯೂ ಇದೆ, ಬಳಸಲಿಲ್ಲ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯನ್ನು ‘ಎಲ್ಲ ಗುಡಿಸಿ ಹಾಕುತ್ತೇನೆ’ ಅನ್ನುವ ಕ್ಲೀನರ್‌ಗಳ ಬಳಿಗಂತೂ ಹೋಗಬೇಡಿ. ಬೇಕಾದ್ದು, ಬೇಡವಾದ್ದು ಅವಕ್ಕೆ ಗೊತ್ತಾಗುವುದಿಲ್ಲ.

ಮ್ಯಾಕ್ ಬಳಸುವವರಿಗೂ ಒಂದು ಮಾತು. ಇಂಥ ಆ್ಯಪನ್ನು ಟ್ರ್ಯಾಶಿಗೆ ಎಳೆದು ಹಾಕಿದರೂ ಅದು ಸೃಷ್ಟಿಸಿದ ನಕಲಿ ಸ್ಪೀಕರ್ ಸೌಂಡ್ ಸಾಧನಗಳ ಪಟ್ಟಿಯಲ್ಲಿ ಉಳಿದಿದ್ದರೆ, ಲೈಬ್ರರಿ ಫೋಲ್ಡರಿನೊಳಗೆ ಆಡಿಯೊ, ಪ್ಲಗ್‌-ಇನ್ಸ್, ಹೆಚ್‌ಎಎಲ್ (HAL) ಅಂತ ಹೋಗಿ, ಅದರ ತುಣುಕು ಅಲ್ಲಿ ಉಳಿದಿದೆಯಾ ನೋಡಿ.

ಸಂಜೆ ರೀಸ್ಟಾರ್ಟ್ ಮಾಡಿ ಅಕ್ಕನಿಗೆ ಕರೆ ಮಾಡಿದೆ.

‘ನಾಳೆ ಬರೋದಿಲ್ಲ ಅಕ್ಕ.’

‘ಬರೋದಿಲ್ಲ ಅಂದ್ಯಲ್ಲ, ಈಗ ಕೇಳಿಸ್ತು’ ಅಂದಳು. ಒಂದು ಗಳಿಗೆ ಬಿಟ್ಟು, ‘ಆದ್ರೆ ನಿನ್ನ ಫ್ಯಾನ್ ಸದ್ದೂ ಜಾಸ್ತಿ ಕೇಳ್ತಿದೆ. ಅದನ್ನ ಆಫ್ ಮಾಡು.’

ಎದ್ದು ಹೋಗಿ ಆಫ್ ಮಾಡಿ ಬಂದೆ.