ಒಂದೇ ಎಸೆತ

ಮಧ್ಯಾಹ್ನ ಊಟ ಮಾಡುತ್ತಾ ಬೇಸ್‌ಬಾಲ್ ಪಿಚರ್ (ಚೆಂಡು ಎಸೆಯುವವ) ಮರಿಯಾನೊ ರಿವೆರಾನ ಹಳೇ ವಿಡಿಯೊ ನೋಡಿದೆ. 2013ರ ಸೆಪ್ಟೆಂಬರ್, ಯಾಂಕಿ ಸ್ಟೇಡಿಯಂನಲ್ಲಿ ಅವನ ಕೊನೇ ಆಟ. ಅವನನ್ನು ಹೊರಗೆ ಕರೆಯಲು ವರ್ಷಗಟ್ಟಲೆ ಜೊತೆಗೆ ಆಡಿದ ಜೀಟರ್, ಪೆಟಿಟ್ ನಡೆದು ಬಂದರು. ಅಷ್ಟು ಗಟ್ಟಿ ಮನುಷ್ಯ, ಪೆಟಿಟ್ ಹೆಗಲಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತುಬಿಟ್ಟ.

ಪನಾಮಾದ ಮೀನುಗಾರನ ಮಗ. ಹೆಚ್ಚುಕಮ್ಮಿ ಒಂದೇ ಎಸೆತ, ಕಟರ್. ನೆಟ್ಟಗೆ ಬಂದ ಚೆಂಡು ಕೊನೇ ಗಳಿಗೆಯಲ್ಲಿ ಎಡಗೈ ಬ್ಯಾಟರ್‌ನ ಮೈ ಕಡೆಗೆ ಸರ್ರನೆ ಸರಿಯುತ್ತಿತ್ತು, ಹಿಡಿಯ ಹತ್ತಿರ ತಾಗಿ ಎಷ್ಟೋ ಬ್ಯಾಟುಗಳು ಮುರಿದೇ ಹೋದವು. ಏನು ಬರುತ್ತೆ ಅಂತ ಎಲ್ಲರಿಗೂ ಗೊತ್ತು, ಆದರೂ ಹೊಡೆಯೋಕೆ ಆಗುತ್ತಿರಲಿಲ್ಲ! ಒಂದನ್ನೇ ಹಿಡಿದು ಅಷ್ಟು ವರ್ಷ ಸಾಣೆ ಹಿಡಿಯುವುದು ಸುಮ್ನೆ ಮಾತಲ್ಲ ಅಲ್ವಾ?

652 ಸೇವ್, ಅಂದರೆ ಕೊನೆಗೆ ಬಂದು ತಂಡದ ಸಣ್ಣ ಮುನ್ನಡೆಯನ್ನು ಉಳಿಸಿ ಗೆಲ್ಲಿಸಿದ ಆಟಗಳು, ಇವತ್ತಿಗೂ ದಾಖಲೆ. 2019ರಲ್ಲಿ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ 425ಕ್ಕೆ 425 ಓಟೂ ಬಿದ್ದವು, ಅಲ್ಲಿಯವರೆಗೆ ಯಾರಿಗೂ ಹಾಗೆ ಬಿದ್ದಿರಲಿಲ್ಲ.